ನೆರಳು, ತೇವ, ಬಡ ಮಣ್ಣು: ಇಂಥ ಪುಟ್ಟ ಹಿತ್ತಲನ್ನು ತೋಟ ಮಾಡುವುದು ಹೀಗೆ

ಮನೆ ಹಿಂದೆ ನಾಲ್ಕು ಹೆಜ್ಜೆ ಜಾಗ. ಒಂದು ಕಡೆ ಎತ್ತರದ ಗೋಡೆ, ಇನ್ನೊಂದು ಕಡೆ ಪಕ್ಕದವರ ಮರ. ಬಿಸಿಲು ಹಾಗೆ ಬಂದು ಹೀಗೆ ಹೋಗುತ್ತದೆ. ಮಳೆ ನಿಂತು ಎರಡು ದಿನವಾದರೂ ಕಾಲಿಟ್ಟರೆ ಪಚಪಚ ಅನ್ನುತ್ತದೆ. ನೆಟ್ಟ ಗಿಡಗಳು ಒಂದೊಂದಾಗಿ ಹಳದಿಯಾಗುತ್ತವೆ, ಪಾಚಿ ಮಾತ್ರ ಸೊಗಸಾಗಿ ಹಬ್ಬುತ್ತದೆ. "ಇಲ್ಲಿ ಏನೂ ಬರಲ್ಲ ಬಿಡಿ" ಅಂತ ಸಿಮೆಂಟ್ ಹಾಕಿಸಿಬಿಡುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಜಾಗದಲ್ಲಿ ಒಳ್ಳೆಯ ತೋಟ ಆಗುತ್ತದೆ.

ಸಾಮಾನ್ಯವಾಗಿ ನಾವು ಬೈಯುವುದು ನೆರಳನ್ನು. ಆದರೆ ಗಿಡ ಸಾಯುವುದು ಹೆಚ್ಚಾಗಿ ನಿಂತ ನೀರಿನಿಂದ. ಬೇರಿಗೂ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ಗಾಳಿ ಇದ್ದರೆ ಬೇರು ಉಸಿರಾಡುತ್ತದೆ. ಆ ಸಂದುಗಳಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕ ಬೇರಿನ ತನಕ ಬರುವುದೇ ಕಷ್ಟ. ಗಾಳಿಯಲ್ಲಿ ಹರಡುವುದಕ್ಕೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಹಾಗಾಗಿ ಬೇರು ಕೊಳೆಯುತ್ತದೆ, ಮೇಲೆ ಎಲೆ ಬಾಡುತ್ತದೆ. ಬಾಡಿದ ಎಲೆ ನೋಡಿ ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ!

ಆದ್ದರಿಂದ ಕೆಲಸದ ಕ್ರಮ ಮುಖ್ಯ. ಮೊದಲು ನೀರು, ಆಮೇಲೆ ಬೆಳಕು ಮತ್ತು ಮಣ್ಣು, ಕಟ್ಟಕಡೆಗೆ ಗಿಡ. ನರ್ಸರಿಗೆ ಹೋಗುವ ಆಸೆಯನ್ನು ಸ್ವಲ್ಪ ದಿನ ತಡೆದುಕೊಳ್ಳಿ.

ಹಂತ 1: ಬಿಸಿಲಿನ ಲೆಕ್ಕ ಹಿಡಿಯಿರಿ

ಒಂದು ಹಾಳೆಯಲ್ಲಿ ಜಾಗದ ನಕ್ಷೆ ಬರೆಯಿರಿ. ಅಳತೆ ಹೆಚ್ಚುಕಡಿಮೆ ಇದ್ದರೂ ಪರವಾಗಿಲ್ಲ. ಗೋಡೆ, ಮರ, ಬಾಗಿಲು, ನಲ್ಲಿ, ಚಾವಣಿಯಿಂದ ಇಳಿಯುವ ಪೈಪು ಎಲ್ಲಿವೆ ಅಂತ ಗುರುತು ಹಾಕಿ. ಮೋಡ ಇಲ್ಲದ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಹೋಗಿ, ಬಿಸಿಲು ಬಿದ್ದ ಜಾಗದಲ್ಲೆಲ್ಲ ನಕ್ಷೆಯ ಮೇಲೆ ಒಂದೊಂದು ಗೀಟು ಎಳೆಯಿರಿ. ಸಂಜೆ ಎಣಿಸಿದರೆ ಯಾವ ಮೂಲೆಗೆ ಎಷ್ಟು ಗಂಟೆ ಬಿಸಿಲು ಅಂತ ಗೊತ್ತಾಗುತ್ತದೆ. 6 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ಪೂರ್ತಿ ಬಿಸಿಲಿನ ಜಾಗ. 3ರಿಂದ 6 ಗಂಟೆ ಇದ್ದರೆ ಅರೆನೆರಳು. ಅದಕ್ಕೂ ಕಡಿಮೆ ಇದ್ದರೆ ನೆರಳು. ಸೂರ್ಯನ ದಾರಿ ವರ್ಷವಿಡೀ ಒಂದೇ ಇರುವುದಿಲ್ಲವಾದ್ದರಿಂದ ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವುದು ಒಳ್ಳೆಯದು.

ಎಲ್ಲ ನೆರಳೂ ಒಂದೇ ಅಲ್ಲ. ಮರದ ಎಲೆಗಳ ನಡುವೆ ಚುಕ್ಕೆಚುಕ್ಕೆಯಾಗಿ ಬಿಸಿಲು ಬೀಳುವ ಜಾಗ ಬಹಳ ಗಿಡಗಳಿಗೆ ಇಷ್ಟ. ಗೋಡೆಯ ಮರೆಯಿದ್ದರೂ ತಲೆಯ ಮೇಲೆ ಆಕಾಶ ಕಾಣುತ್ತಿದ್ದರೆ ಅದೂ ಪರವಾಗಿಲ್ಲ, ನೇರ ಬಿಸಿಲು ಬರದಿದ್ದರೂ ಬೆಳಕು ಸಾಕಷ್ಟು ಬರುತ್ತದೆ. ಮೆಟ್ಟಿಲ ಕೆಳಗೆ ಅಥವಾ ಎರಡು ಗೋಡೆಗಳ ಇರುಕಿನಲ್ಲಿ ಆಕಾಶವೂ ಕಾಣದ ಮೂಲೆಯೇ ಕಷ್ಟದ್ದು. ಅಲ್ಲಿ ಗಿಡ ಬೆಳೆಸುವ ಹಟ ಬೇಡ. ಗೊಬ್ಬರದ ಡ್ರಮ್ಮು, ಗುದ್ದಲಿ, ಬುಟ್ಟಿ ಇಡಲು ಆ ಮೂಲೆ ಇರಲಿ.

ಜೋರು ಮಳೆ ಬರುವಾಗಲೂ ಒಮ್ಮೆ ಕೊಡೆ ಹಿಡಿದು ಹೊರಗೆ ಹೋಗಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಗೆ ಹೋಗಲು ನೋಡುತ್ತದೆ ಅನ್ನುವುದನ್ನು ಅದೇ ನಕ್ಷೆಯಲ್ಲಿ ಬಾಣದ ಗುರುತಿನಿಂದ ತೋರಿಸಿ. ಮುಂದಿನ ಅರ್ಧ ಕೆಲಸ ಈ ಬಾಣಗಳ ಮೇಲೆ ನಿಂತಿದೆ.

ಹಂತ 2: ಒಂದು ಗುಂಡಿ ತೋಡಿ

ಮಣ್ಣಿನ ಬಗ್ಗೆ ಊಹೆ ಮಾಡುವುದಕ್ಕಿಂತ ತೋಡಿ ನೋಡುವುದು ಮೇಲು. 30 ಸೆಂ.ಮೀ. ಅಗಲ, ಅಷ್ಟೇ ಆಳದ ಗುಂಡಿ ಸಾಕು. ತೋಡುವಾಗಲೇ ಗಮನ ಕೊಡಿ.

ಮೇಲಿನ ಮಣ್ಣು ಕಪ್ಪಾಗಿ, ಪುಡಿಪುಡಿಯಾಗಿ, ಎರೆಹುಳು ಕಾಣುವಂತಿದ್ದರೆ ನಿಮ್ಮ ಅದೃಷ್ಟ. ಹೆಚ್ಚಿನ ಕಡೆ ಹಾಗಿರುವುದಿಲ್ಲ. ಮನೆ ಕಟ್ಟುವಾಗ ಪಾಯದಿಂದ ತೆಗೆದ ಅಡಿಮಣ್ಣನ್ನು ಹಿತ್ತಲಿಗೆ ಸುರಿದಿರುತ್ತಾರೆ. ಅದರಲ್ಲಿ ಇಟ್ಟಿಗೆ ಚೂರು, ಗಾರೆ, ಸಿಮೆಂಟ್ ಹೆಂಟೆ ಎಲ್ಲ ಸೇರಿರುತ್ತದೆ. ಗಾರೆ, ಸಿಮೆಂಟಿನಲ್ಲಿ ಸುಣ್ಣ ಇರುವುದರಿಂದ ಮಣ್ಣು ಕ್ಷಾರವಾಗುತ್ತದೆ. ಕ್ಷಾರ ಜಾಸ್ತಿಯಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ಸಿಗುವುದಿಲ್ಲ. ಆಗ ಎಳೆಯ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕೈಗೆ ಸಿಕ್ಕ ಗಾರೆ ಚೂರುಗಳನ್ನೆಲ್ಲ ಆರಿಸಿ ತೆಗೆಯಿರಿ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಎಷ್ಟು ಗೊಬ್ಬರ ಹಾಕಿದರೂ ಆ ಹಳದಿ ಪೂರ್ತಿ ಹೋಗುವುದಿಲ್ಲ.

ಗುಂಡಿಯ ಪಕ್ಕದ ಮಣ್ಣಿನ ಬಣ್ಣ ನೋಡಿ. ಬೂದು ಅಥವಾ ನೀಲಿ ಛಾಯೆಯ ಬೂದು ಬಣ್ಣ, ಅದರ ನಡುನಡುವೆ ತುಕ್ಕಿನ ಬಣ್ಣದ ಕಲೆ ಕಂಡರೆ ಅಲ್ಲಿ ವರ್ಷದ ಬಹುಕಾಲ ನೀರು ನಿಂತಿರುತ್ತದೆ ಅಂತ ಅರ್ಥ. ಗಾಳಿ ಇಲ್ಲದಾಗ ಮಣ್ಣಿನಲ್ಲಿರುವ ಕಬ್ಬಿಣ ತನ್ನ ಕೆಂಪು ಬಣ್ಣ ಕಳೆದುಕೊಳ್ಳುತ್ತದೆ. ಹಳೆಯ ಬೇರು ಹೋದ ಸಣ್ಣ ದಾರಿಗಳಲ್ಲಿ ಗಾಳಿ ಆಡುವುದರಿಂದ ಅಲ್ಲಿ ಮಾತ್ರ ತುಕ್ಕಿನ ಗೆರೆ ಉಳಿಯುತ್ತದೆ. ಒಂದು ಹೆಂಟೆ ಒಡೆದು ಮೂಸಿ ನೋಡಿ. ಮೊದಲ ಮಳೆಯ ವಾಸನೆ ಬಂದರೆ ಮಣ್ಣಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳಿವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಗಾಳಿಯೇ ಇಲ್ಲ.

ಒಂದು ಹಿಡಿ ತೇವದ ಮಣ್ಣನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತುತ್ತಾ ಪಟ್ಟಿಯಂತೆ ಮುಂದೆ ತಳ್ಳಿ. ಪಟ್ಟಿ ಮೂಡುವುದೇ ಇಲ್ಲ, ಉದುರಿಹೋಗುತ್ತದೆ ಅಂದರೆ ಮರಳು ಜಾಸ್ತಿ. 2-3 ಸೆಂ.ಮೀ. ಬಂದು ಮುರಿದರೆ ಮಧ್ಯಮ. ಮುರಿಯದೆ 5 ಸೆಂ.ಮೀ. ದಾಟಿದರೆ ಗಟ್ಟಿ ಜೇಡಿಮಣ್ಣು.

ಈಗ ಗುಂಡಿಗೆ ತುಂಬ ನೀರು ಹಾಕಿ. ಅದು ಪೂರ್ತಿ ಇಂಗುವವರೆಗೆ ಕಾಯಿರಿ. ಮೊದಲ ಸಲದ ಲೆಕ್ಕ ಬೇಡ, ಒಣಗಿದ ಮಣ್ಣು ನೀರನ್ನು ಬೇಗ ಕುಡಿಯುತ್ತದೆ. ಎರಡನೇ ಸಲ ತುಂಬಿ, ಅದರೊಳಗೆ ಒಂದು ಸ್ಕೇಲ್ ನೆಡಿ. ಗಂಟೆಗೆ 2.5ರಿಂದ 7.5 ಸೆಂ.ಮೀ. ಇಳಿದರೆ ನೀರು ಚೆನ್ನಾಗಿ ಬಸಿಯುತ್ತಿದೆ. 2.5 ಸೆಂ.ಮೀ.ಗಿಂತ ಕಡಿಮೆಯಾದರೆ ಬಸಿಯುವುದು ಸಾಲದು. ಮಾರನೇ ದಿನವೂ ನೀರು ಹಾಗೇ ಇದ್ದರೆ ಮುಂದಿನ ಹಂತವನ್ನು ಯಾವ ಕಾರಣಕ್ಕೂ ಬಿಡಬೇಡಿ. ನೀವು ನೀರು ಹಾಕುವ ಮೊದಲೇ ಗುಂಡಿಯ ತಳದಲ್ಲಿ ನೀರು ಜಿನುಗಿದರೆ ಅಂತರ್ಜಲವೇ ಮೇಲಿದೆ. ಆಗ ನೆಲವನ್ನು ಒಣಗಿಸುವ ಯೋಚನೆ ಬಿಟ್ಟು ಗಿಡವನ್ನು ಮೇಲೆತ್ತುವ ದಾರಿ ಹುಡುಕಬೇಕು.

ಹಂತ 3: ನೀರಿಗೆ ದಾರಿ ಮಾಡಿ

ಎಷ್ಟೋ ಕಡೆ ತೇವಕ್ಕೆ ಮಣ್ಣು ಕಾರಣವೇ ಅಲ್ಲ. ಚಾವಣಿಯ ಪೈಪು ಹಿತ್ತಲಿಗೆ ಬಿಟ್ಟಿರುತ್ತದೆ. ನಲ್ಲಿ ಸೋರುತ್ತಿರುತ್ತದೆ. ಪಾತ್ರೆ ತೊಳೆದ ನೀರು ಅಲ್ಲಿಗೇ ಹರಿಯುತ್ತಿರುತ್ತದೆ. 20 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 200 ಲೀಟರ್ ನೀರು. ಅಷ್ಟೂ ಒಂದೇ ಮೂಲೆಗೆ ಬಂದು ಬಿದ್ದರೆ ಎಂಥ ಮಣ್ಣೂ ತಡೆದುಕೊಳ್ಳುವುದಿಲ್ಲ ಅಲ್ವಾ? ಪೈಪಿನ ಬಾಯಿಗೆ ಒಂದು ಡ್ರಮ್ಮು ಇಡುವುದೋ, ಪೈಪು ಉದ್ದ ಮಾಡಿ ಮಳೆನೀರಿನ ಚರಂಡಿಗೆ ಬಿಡುವುದೋ ಮೊದಲು ಮಾಡಿ. ಡ್ರಮ್ಮಿಗೆ ಸೊಳ್ಳೆ ಹೋಗದಂತೆ ಬಿಗಿಯಾದ ಬಲೆ ಕಟ್ಟಬೇಕು.

ಆಮೇಲೆ ನೆಲದ ಇಳಿಜಾರು. ನೀರು ಮನೆಯ ಗೋಡೆಯಿಂದ ದೂರ ಹರಿಯಬೇಕು. ಗೋಡೆಯಿಂದ ಆಚೆಗೆ 3 ಮೀಟರಿನಲ್ಲಿ 15 ಸೆಂ.ಮೀ. ಇಳಿದರೆ ಒಳ್ಳೆಯದು. ಜಾಗ ಅಷ್ಟು ಇಲ್ಲದಿದ್ದರೆ ಇರುವಷ್ಟರಲ್ಲೇ ಇಳಿಜಾರು ಕೊಡಿ. ಮನೆಯ ಗೋಡೆಗೆ ಒರಗಿಸಿ ಮಣ್ಣು ಪೇರಿಸುವುದು ಮಾತ್ರ ಬೇಡವೇ ಬೇಡ. ಹೊರಗಿನ ಮಣ್ಣು ಮನೆಯೊಳಗಿನ ನೆಲದ ಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗೇ ಇರಲಿ. ಇಲ್ಲದಿದ್ದರೆ ತೋಟದ ತೇವ ಗೋಡೆಗೆ ಏರುತ್ತದೆ.

ಇಷ್ಟಾದರೂ ನೀರು ನಿಂತರೆ ಬಸಿಗಾಲುವೆ ತೋಡಬೇಕು. ಕಷ್ಟದ ಕೆಲಸವೇನಲ್ಲ, ಬೆವರಿನ ಕೆಲಸ. 30ರಿಂದ 45 ಸೆಂ.ಮೀ. ಆಳ, ಸುಮಾರು 20 ಸೆಂ.ಮೀ. ಅಗಲದ ಕಾಲುವೆ ತೆಗೆಯಿರಿ. ಪ್ರತಿ ಮೀಟರಿಗೆ ಕನಿಷ್ಠ 1 ಸೆಂ.ಮೀ. ಇಳಿಜಾರು ಇರಲಿ. ದಾರ ಕಟ್ಟಿ, ಮಟ್ಟಗೋಲು ಇಟ್ಟು ನೋಡಿ, ಕಣ್ಣಳತೆ ನಂಬಬೇಡಿ. ಒಳಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅದರ ಮೇಲೆ 5 ಸೆಂ.ಮೀ. ಜಲ್ಲಿ, ಜಲ್ಲಿಯ ಮೇಲೆ ತೂತಿರುವ ಪೈಪು. ತೂತುಗಳು ಕೆಳಮುಖವಾಗಿರಲಿ. ಮೇಲೆ ಮತ್ತೆ ಜಲ್ಲಿ ತುಂಬಿ, ಬಟ್ಟೆಯನ್ನು ಮಡಚಿ ಮುಚ್ಚಿ. ಬಟ್ಟೆ ಹಾಕದೆ ಬಿಟ್ಟರೆ ಕೆಲವು ಮಳೆಗಾಲದಲ್ಲೇ ಮಣ್ಣು ತುಂಬಿ ಕಾಲುವೆ ಕಟ್ಟಿಕೊಳ್ಳುತ್ತದೆ.

ಆ ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ತೋಡುವ ಮೊದಲೇ ನಿರ್ಧರಿಸಿ. ಪಕ್ಕದವರ ಜಾಗಕ್ಕೆ ಬಿಡುವಂತಿಲ್ಲ. ಇಂಗುಗುಂಡಿ ಮಾಡುವುದಾದರೆ ಮನೆಯ ಪಾಯದಿಂದ ಸುಮಾರು 5 ಮೀಟರ್ ದೂರ ಬೇಕು. ಪುಟ್ಟ ಹಿತ್ತಲಲ್ಲಿ ಅಷ್ಟು ದೂರ ಸಿಗುವುದು ಅಪರೂಪ. ಅಂತರ್ಜಲ ಮೇಲಿರುವ ಕಡೆ ಇಂಗುಗುಂಡಿ ಮಾಡಿದರೆ ಅದೇ ನೀರು ತುಂಬಿಕೊಂಡು ಕೂರುತ್ತದೆ. ಇಂಥ ಕಡೆ ಎರಡೇ ದಾರಿ: ಏರುಮಡಿ ಕಟ್ಟುವುದು, ಇಲ್ಲವೇ ತಗ್ಗಿನ ಜಾಗವನ್ನು ಕೆಸರು ಇಷ್ಟಪಡುವ ಗಿಡಗಳಿಗೇ ಬಿಡುವುದು. ನನ್ನನ್ನು ಕೇಳಿದರೆ ಎರಡನ್ನೂ ಮಾಡಿ. ಪುಟ್ಟ ಜಾಗದಲ್ಲಿ ಏರುತಗ್ಗು ಇದ್ದರೆ ನೋಡಲೂ ಚೆನ್ನ, ಗಿಡಗಳಿಗೂ ಆಯ್ಕೆ ಸಿಗುತ್ತದೆ.

ಏರುಮಡಿ 25-30 ಸೆಂ.ಮೀ. ಎತ್ತರ ಇರಲಿ. ಒಂದೇ ಕಡೆಯಿಂದ ಕೈ ಹಾಕುವುದಾದರೆ 60 ಸೆಂ.ಮೀ. ಅಗಲ ಸಾಕು, ಎರಡೂ ಕಡೆಯಿಂದ ಆಗುವುದಾದರೆ 1.2 ಮೀಟರ್. ಇಟ್ಟಿಗೆ, ಕಲ್ಲು, ಮರ ಯಾವುದರಿಂದಲಾದರೂ ಕಟ್ಟಿ, ತಳ ಮಾತ್ರ ತೆರೆದಿರಲಿ. ಹೊಸ ಮಣ್ಣು ತುಂಬುವ ಮೊದಲು ಕೆಳಗಿನ ನೆಲವನ್ನು ಪಿಕಾಸಿಯಿಂದ ಸಡಿಲ ಮಾಡಿ. ಇಲ್ಲದಿದ್ದರೆ ಮೇಲಿನ ಮಣ್ಣು ಬೇರೆ, ಕೆಳಗಿನದು ಬೇರೆ ಆಗಿ ನೀರು ನಡುವೆ ನಿಲ್ಲುತ್ತದೆ.

ಇಲ್ಲೇ ಒಂದು ಮಾತು. ಮಡಿಯ ಅಥವಾ ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಆಗುವುದು ಉಲ್ಟಾ. ಮಣ್ಣಿನ ಸಣ್ಣ ಸಂದುಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಕೆಳಗಿನ ಜಲ್ಲಿಗೆ ಇಳಿಯುವುದೇ ಇಲ್ಲ. ಒದ್ದೆ ಪದರ ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ. ಕುಂಡಕ್ಕೆ ತೂತು ಇರಲಿ, ಒಳಗೆ ಪೂರ್ತಿ ಒಳ್ಳೆಯ ಮಣ್ಣೇ ಇರಲಿ.

ಹಂತ 4: ಸಿಗುವಷ್ಟು ಬೆಳಕು ಒಳಗೆ ತನ್ನಿ

ಮರದ ಕೆಲಸವನ್ನು ಪಾತಿ ಮಾಡುವ ಮೊದಲೇ ಮುಗಿಸಿ. ಆಮೇಲೆ ಮಾಡಿದರೆ ಹದಮಾಡಿದ ಮಣ್ಣನ್ನೆಲ್ಲ ತುಳಿಯಬೇಕಾಗುತ್ತದೆ. ಮರ ಕಡಿಯುವುದು ಬೇಕಿಲ್ಲ. ಕೆಳಗಿನ ಕೆಲವು ಕೊಂಬೆ ತೆಗೆದು, ನಡುವೆ ಒತ್ತಾಗಿರುವುದನ್ನು ಸ್ವಲ್ಪ ಬಿಡಿಸಿದರೆ ಓರೆಯಾಗಿ ಬೀಳುವ ಬೆಳಗಿನ ಬಿಸಿಲು ಒಳಗೆ ಬರುತ್ತದೆ. ಒಂದೇ ವರ್ಷದಲ್ಲಿ ಹಸಿರು ಕೊಂಬೆಗಳ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ, ಮರ ಸೊರಗುತ್ತದೆ. ಮರ ಪಕ್ಕದವರದಾದರೆ ಅವರನ್ನು ಕೇಳಿಯೇ ಮಾಡಿ. ಎತ್ತರದ ಕೊಂಬೆಗೆ ಬಲ್ಲವರನ್ನು ಕರೆಸಿ.

ಗೋಡೆಗೆ ಬಿಳಿ ಅಥವಾ ತಿಳಿ ಬಣ್ಣ ಬಳಿಯುವುದು ಸಣ್ಣ ವಿಷಯ ಅನ್ನಿಸಬಹುದು. ಮಾಡಿ ನೋಡಿ. ಕಪ್ಪುಗಟ್ಟಿದ ಗೋಡೆ ಬೆಳಕನ್ನು ನುಂಗುತ್ತದೆ, ಬಿಳಿ ಗೋಡೆ ಅದನ್ನು ಗಿಡದ ಮೇಲೆ ತಿರುಗಿಸುತ್ತದೆ. ಕಾಲುದಾರಿಗೂ ತಿಳಿ ಬಣ್ಣದ ಜಲ್ಲಿ ಹಾಕಿದರೆ ಜಾಗ ದೊಡ್ಡದಾಗಿ ಕಾಣುತ್ತದೆ.

ಹಂತ 5: ಮಣ್ಣಿಗೆ ಜೀವ ತುಂಬಿ

ಜೇಡಿಮಣ್ಣನ್ನು ಸಡಿಲ ಮಾಡಲು ಮರಳು ಸೇರಿಸಿ ಅನ್ನುವ ಸಲಹೆ ನಿಮಗೂ ಸಿಕ್ಕಿರಬಹುದು. ದಯವಿಟ್ಟು ಬೇಡ. ಸ್ವಲ್ಪ ಮರಳು ಸೇರಿಸಿದರೆ ಮರಳಿನ ಕಣಗಳ ನಡುವಿನ ಸಂದನ್ನೆಲ್ಲ ಜೇಡಿ ತುಂಬಿ, ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಮರಳಿನಿಂದ ಉಪಯೋಗವಾಗಬೇಕಾದರೆ ಮಣ್ಣಿನ ಅರ್ಧಕ್ಕಿಂತ ಹೆಚ್ಚು ಮರಳೇ ಇರಬೇಕು. ಅದು ಆಗುವ ಹೋಗುವ ಮಾತಲ್ಲ.

ಕೆಲಸ ಮಾಡುವುದು ಸಾವಯವ ಗೊಬ್ಬರ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಎರೆಗೊಬ್ಬರ, ಕೊಳೆತ ತರಗೆಲೆ ಯಾವುದಾದರೂ ಸರಿ. ಇದನ್ನು ತಿನ್ನುವ ಸೂಕ್ಷ್ಮಜೀವಿಗಳು ಮತ್ತು ಎರೆಹುಳುಗಳು ಅಂಟು ಬಿಡುತ್ತವೆ. ಆ ಅಂಟಿನಿಂದ ಜೇಡಿಯ ಸಣ್ಣ ಕಣಗಳು ಕೂಡಿಕೊಂಡು ಗುಳಿಗೆಗಳಾಗುತ್ತವೆ. ಗುಳಿಗೆಗಳ ನಡುವೆ ಗಾಳಿ ಆಡುತ್ತದೆ, ನೀರು ಇಳಿಯುತ್ತದೆ. ಮರಳುಮಣ್ಣಿಗೂ ಇದೇ ಗೊಬ್ಬರವೇ ಮದ್ದು. ಅಲ್ಲಿ ಇದು ನೀರು ಮತ್ತು ಪೋಷಕಾಂಶವನ್ನು ಹಿಡಿದಿಡುತ್ತದೆ.

ಎಷ್ಟು ಬೇಕು? ಮೊದಲ ಸಲ 5ರಿಂದ 8 ಸೆಂ.ಮೀ. ದಪ್ಪ ಹರಡಿ, ಮೇಲಿನ 15-20 ಸೆಂ.ಮೀ. ಮಣ್ಣಿನಲ್ಲಿ ಬೆರೆಸಿ. 2 ಮೀಟರ್ ಉದ್ದ, 1 ಮೀಟರ್ ಅಗಲದ ಪಾತಿಗೆ 5 ಸೆಂ.ಮೀ. ದಪ್ಪ ಅಂದರೆ 100 ಲೀಟರ್. 15 ಲೀಟರಿನ ಬಕೆಟ್ಟಿನಲ್ಲಿ ಸುಮಾರು 7 ಬಕೆಟ್. ಆಮೇಲೆ ಪ್ರತಿವರ್ಷ 2-3 ಸೆಂ.ಮೀ. ಸುಮ್ನೆ ಮೇಲೆ ಹರಡಿದರೆ ಸಾಕು, ಅಗೆಯುವುದು ಬೇಡ. ಒಳಕ್ಕೆ ಎಳೆದುಕೊಳ್ಳುವ ಕೆಲಸ ಎರೆಹುಳು ಮಾಡುತ್ತದೆ.

ಗೊಬ್ಬರ ಕಳಿತಿದೆಯೇ ಅಂತ ಕೈಯಲ್ಲಿ ಹಿಡಿದೇ ನೋಡಿ. ಕಪ್ಪಗಿರಬೇಕು, ಪುಡಿಯಾಗಬೇಕು, ಬಿಸಿ ಇರಬಾರದು, ಮೂಲ ವಸ್ತು ಯಾವುದು ಅಂತ ಗೊತ್ತಾಗಬಾರದು. ಹಸಿ ಸಗಣಿ, ಅರೆಬೆಂದ ಕಾಂಪೋಸ್ಟ್ ಅಥವಾ ಮರದ ಹೊಟ್ಟನ್ನು ಮಣ್ಣಿನೊಳಗೆ ಬೆರೆಸಬೇಡಿ. ಹಸಿ ಸಗಣಿ ಬೇರನ್ನು ಸುಡಬಹುದು. ಹೊಟ್ಟನ್ನು ಕೊಳೆಸುವ ಸೂಕ್ಷ್ಮಜೀವಿಗಳು ಗಿಡಕ್ಕೆ ಸಿಗಬೇಕಾದ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. ಹೊಟ್ಟು ಮೇಲ್ಹೊದಿಕೆಗೆ ಮಾತ್ರ ಇರಲಿ.

ನೆರಳಿನ ತೋಟಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ತರಗೆಲೆ ಗೊಬ್ಬರಕ್ಕೆ. ನೆರಳಿನ ಗಿಡಗಳಲ್ಲಿ ಹೆಚ್ಚಿನವು ಕಾಡಿನ ತಳದಲ್ಲಿ, ಉದುರಿದ ಎಲೆಗಳ ನಡುವೆ ಬೆಳೆಯುವಂಥವು. ಒಣಗಿದ ಎಲೆಗಳನ್ನು ಗುಡಿಸಿ ಸುಡಬೇಡಿ. ತೂತು ಮಾಡಿದ ಚೀಲಕ್ಕೆ ತುಂಬಿ, ನೀರು ಚಿಮುಕಿಸಿ, ಆ ಕತ್ತಲೆ ಮೂಲೆಯಲ್ಲಿ ಇಟ್ಟುಬಿಡಿ. ಸಣ್ಣಗೆ ಹರಿದು ತುಂಬಿದರೆ ಬೇಗ ಆಗುತ್ತದೆ, ಹಾಗೇ ತುಂಬಿದರೆ ಒಂದೆರಡು ವರ್ಷ ಬೇಕಾಗಬಹುದು. ಪೋಷಕಾಂಶ ಇದರಲ್ಲಿ ಕಡಿಮೆಯೇ. ಆದರೆ ಮಣ್ಣನ್ನು ಇದು ಮೆದುವಾಗಿಸುವ ರೀತಿಗೆ ಸಾಟಿ ಇಲ್ಲ.

ಎರಡು ಎಚ್ಚರಿಕೆ. ಒದ್ದೆ ಮಣ್ಣನ್ನು ಅಗೆಯಬೇಡಿ, ತುಳಿಯಲೂ ಬೇಡಿ. ಒಂದು ಹಿಡಿ ಮಣ್ಣನ್ನು ಉಂಡೆ ಮಾಡಿ ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು. ಉಂಡೆ ಹಾಗೇ ಚಪ್ಪಟೆಯಾದರೆ ಇನ್ನೂ ಕೆಲವು ದಿನ ಕಾಯಿರಿ. ಇನ್ನೊಂದು, ಮರದ ಬುಡದ ಸುತ್ತ ದಪ್ಪಗೆ ಮಣ್ಣು ಪೇರಿಸಬೇಡಿ. ಮರದ ಉಸಿರಾಡುವ ಬೇರುಗಳು ಹೆಚ್ಚಾಗಿ ಮೇಲಿನ 30-45 ಸೆಂ.ಮೀ.ನಲ್ಲೇ ಇರುತ್ತವೆ. ಅಲ್ಲಿ ಬೇರುಗಳ ನಡುವೆ ಸಣ್ಣ ಗುಳಿ ಮಾಡಿ, ಅಷ್ಟಕ್ಕೇ ಗೊಬ್ಬರ ಹಾಕಿ, ಸಣ್ಣ ಸಸಿ ನೆಡಿ.

ಸುಣ್ಣ ಹಾಕಬೇಕೇ, ಬೂದಿ ಹಾಕಬೇಕೇ ಅಂತ ಕೇಳುವವರಿದ್ದಾರೆ. ಮಣ್ಣು ಪರೀಕ್ಷೆ ಮಾಡಿಸದೆ ಎರಡೂ ಬೇಡ. ಎರಡೂ ಮಣ್ಣನ್ನು ಕ್ಷಾರದ ಕಡೆಗೆ ತಳ್ಳುತ್ತವೆ, ಗಾರೆ ಸೇರಿದ ಮಣ್ಣಿಗೆ ಅದು ಗಾಯದ ಮೇಲೆ ಬರೆ.

ಹಂತ 6: ಓಡಾಡುವ ದಾರಿ ಗೊತ್ತು ಮಾಡಿ

ಪುಟ್ಟ ಜಾಗದಲ್ಲಿ ದಾರಿ ಒಂದೇ ಇರಲಿ, ಗಟ್ಟಿಯಾಗಿರಲಿ. ಕಾಲು ಬೀಳುವ ಜಾಗ ನಿಗದಿಯಾದರೆ ಉಳಿದ ಮಣ್ಣು ತುಳಿತದಿಂದ ಪಾರಾಗುತ್ತದೆ. ಕೆಳಗೆ ಬಟ್ಟೆ ಹಾಸಿ 5 ಸೆಂ.ಮೀ. ಜಲ್ಲಿ, ನಡುವೆ ಹೆಜ್ಜೆಗೊಂದು ಒರಟು ಕಲ್ಲು. ನುಣುಪು ಟೈಲ್ಸ್ ಬೇಡ, ಪಾಚಿ ಕಟ್ಟಿದಾಗ ಜಾರಿ ಬೀಳುತ್ತೀರಿ. ಹುಲ್ಲುಹಾಸಿನ ಆಸೆಯನ್ನೂ ಇಲ್ಲಿ ಬಿಡುವುದು ಒಳ್ಳೆಯದು. ನೆರಳಿನಲ್ಲಿ ಹುಲ್ಲು ತೆಳ್ಳಗಾಗಿ, ಪಾಚಿ ಅದರ ಜಾಗ ಹಿಡಿಯುತ್ತದೆ.

ಹಂತ 7: ಈಗ ಗಿಡ

ಜಾಗಕ್ಕೆ ಒಪ್ಪುವ ಗಿಡ ತಂದರೆ ಆರೈಕೆ ತಾನಾಗಿ ಕಡಿಮೆಯಾಗುತ್ತದೆ. ಗುಲಾಬಿ, ಚೆಂಡುಹೂ, ಬೋಗನ್‌ವಿಲ್ಲಾ, ಟೊಮೆಟೊ, ಬದನೆ, ಮೆಣಸಿನ ಗಿಡ ಇವೆಲ್ಲ ಬಿಸಿಲಿನ ಮಕ್ಕಳು. ನೆರಳಿನಲ್ಲಿ ಉದ್ದುದ್ದ ಸೊರಗಿ ನಿಲ್ಲುತ್ತವೆ. ದಾಸವಾಳ ಬದುಕುತ್ತದೆ, ಹೂ ಕಡಿಮೆ.

ತಗ್ಗಿನಲ್ಲಿ, ಸದಾ ಒದ್ದೆ ಇರುವ ಕಡೆ ಕೆಸು ನೆಡಿ. ಅದರ ಅಗಲ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ನೋಡಲೆಂದೇ ನೆಡಬಹುದು. ಅದರ ಕೆಳಗೆ ಒಂದೆಲಗ ಹಬ್ಬಿಸಿ, ನೆಲ ಮುಚ್ಚುತ್ತದೆ. ಸ್ವಲ್ಪ ಬೆಳಕು ಇರುವ ಒದ್ದೆ ಜಾಗಕ್ಕೆ ಬಜೆಯೂ ಸರಿ. ಪುದೀನವೂ ಬರುತ್ತದೆ, ಆದರೆ ಕುಂಡದಲ್ಲೇ ಇಡಿ. ನೆಲಕ್ಕೆ ಬಿಟ್ಟರೆ ಪಾತಿ ಪೂರ್ತಿ ತನ್ನದೇ ಮಾಡಿಕೊಳ್ಳುತ್ತದೆ.

ತೇವ ಇದ್ದರೂ ನೀರು ನಿಲ್ಲದ ಕಡೆ, ಅಂದರೆ ಏರುಮಡಿಯಲ್ಲಿ, ಆಯ್ಕೆ ಬಹಳ. ಜರಿಗಿಡಗಳಿಗೆ ಇದು ಹೇಳಿ ಮಾಡಿಸಿದ ಜಾಗ. ಪೀಸ್ ಲಿಲಿ, ಕ್ಯಾಲಥಿಯಾ, ಮರಾಂಟಾ, ಕ್ಯಾಲೇಡಿಯಂ, ಸಿಂಗೋನಿಯಂ, ಎಲೆ ಬಿಗೋನಿಯಾ ಎಲ್ಲ ಒಗ್ಗುತ್ತವೆ. ಹೂವಿಗೆ ಇಂಪೇಷನ್ಸ್, ಅರೆನೆರಳಿದ್ದರೆ ಹೈಡ್ರೇಂಜಿಯಾ. ಅರಿಶಿನ ಅರೆನೆರಳಿನಲ್ಲೂ ಬೆಳೆಯುತ್ತದೆ, ಶುಂಠಿಯೂ ಅಷ್ಟೇ. ಎರಡಕ್ಕೂ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಅದಕ್ಕೇ ಮಡಿಯ ಮೇಲೆ ನೆಡಬೇಕು. 3-4 ಗಂಟೆ ಬಿಸಿಲು ಸಿಗುವ ಮೂಲೆ ಇದ್ದರೆ ಕೊತ್ತಂಬರಿ, ಪಾಲಕ್ ಹಾಕಿ. ಎಲೆಗಾಗಿ ಬೆಳೆಯುವ ಸೊಪ್ಪು ಕಡಿಮೆ ಬಿಸಿಲಿನಲ್ಲೂ ನಡೆಯುತ್ತದೆ, ಕಾಯಿಗಾಗಿ ಬೆಳೆಯುವುದು ನಡೆಯುವುದಿಲ್ಲ. ಚಳಿಗಾಲದಲ್ಲಿ ಹಿಮ ಬೀಳುವ ದೇಶದಲ್ಲಿದ್ದರೆ ಇವುಗಳ ಬದಲು ಹೋಸ್ಟಾ, ಆಸ್ಟಿಲ್ಬಿ ಮತ್ತು ಚಳಿ ತಡೆಯುವ ಜರಿಗಿಡಗಳನ್ನು ಹುಡುಕಿ.

ಗೋಡೆಯನ್ನೂ ಬಳಸಿ. ವೀಳ್ಯದೆಲೆ ಬಳ್ಳಿಗೆ ನೆರಳು, ತೇವದ ಗಾಳಿ, ಬಸಿಯುವ ಮಣ್ಣು ಮೂರೂ ಇಷ್ಟ. ಕಾಳುಮೆಣಸಿನ ಬಳ್ಳಿಯೂ ಹಾಗೇ. ಮನಿ ಪ್ಲಾಂಟ್ ಸುಲಭವಾಗಿ ಬರುತ್ತದೆ, ಆದರೆ ಮರಕ್ಕೆ ಹತ್ತಲು ಬಿಡಬೇಡಿ. ಮರ ಹತ್ತಿದರೆ ಎಲೆ ಮೊರದಷ್ಟಾಗಿ ಮರವನ್ನೇ ಮುಚ್ಚುತ್ತದೆ. ಬಳ್ಳಿಯನ್ನು ಮನೆಯ ಗೋಡೆಗೆ ನೇರವಾಗಿ ಹಬ್ಬಿಸುವ ಬದಲು ಒಂದು ಗೇಣು ಬಿಟ್ಟು ಜಾಲರಿ ನಿಲ್ಲಿಸಿ, ಗೋಡೆ ಒಣಗಿರುತ್ತದೆ.

ಚಿಕ್ಕ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಯಾದರೆ ಒಂದು ವಿಷಯ ಗೊತ್ತಿರಲಿ. ಕೆಸು, ಪೀಸ್ ಲಿಲಿ, ಕ್ಯಾಲೇಡಿಯಂ, ಸಿಂಗೋನಿಯಂ, ಮನಿ ಪ್ಲಾಂಟ್ ಇವುಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಹಸಿಯಾಗಿ ಅಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತದೆ. ಅಂಥವರ ಕೈಗೆ ಸಿಗುವ ಕಡೆ ಜರಿಗಿಡ, ಕ್ಯಾಲಥಿಯಾ ನೆಡಿ.

ಜೋಡಿಸುವಾಗ ಒಂದೊಂದೇ ಗಿಡವನ್ನು ಹತ್ತು ಬಗೆ ತರಬೇಡಿ. ನಾಲ್ಕೈದು ಬಗೆ ಆರಿಸಿ, ಒಂದೊಂದರಲ್ಲೂ ಮೂರು ಅಥವಾ ಐದು ಗುಂಪಾಗಿ ನೆಡಿ. ನೆರಳಿನ ತೋಟದ ಚೆಲುವು ಹೂವಿಗಿಂತ ಎಲೆಯಲ್ಲಿದೆ. ಅಗಲ ಎಲೆಯ ಕೆಸುವಿನ ಪಕ್ಕ ನವಿರಾದ ಜರಿ ಇದ್ದರೆ ಎರಡೂ ಎದ್ದು ಕಾಣುತ್ತವೆ. ಬಿಳಿ ಪಟ್ಟೆ, ತಿಳಿಹಸಿರು ಎಲೆಯ ಗಿಡಗಳನ್ನು ಕತ್ತಲು ಜಾಸ್ತಿ ಇರುವ ಹಿನ್ನೆಲೆಗೆ ಇಡಿ. ತೀರಾ ಕತ್ತಲಲ್ಲಿ ಪಟ್ಟೆ ಮಾಸಿ ಪೂರ್ತಿ ಹಸಿರಾಗುವುದೂ ಉಂಟು.

ನೆಡುವ ಗುಂಡಿ ಬೇರಿನ ಉಂಡೆಯಷ್ಟೇ ಆಳ, ಎರಡು ಪಟ್ಟು ಅಗಲ. ತೇವದ ಜಾಗದಲ್ಲಿ ಉಂಡೆಯ ಮೇಲ್ಭಾಗ ನೆಲದಿಂದ 2-3 ಸೆಂ.ಮೀ. ಎತ್ತರಕ್ಕೇ ಇರಲಿ, ಸುತ್ತ ಮಣ್ಣು ಇಳಿಜಾರಾಗಿ ಒತ್ತಿ. ಧಾರಾಕಾರ ಮಳೆಯ ದಿನಗಳಲ್ಲಿ ನೆಡಬೇಡಿ. ನೆಟ್ಟಮೇಲೆ 5 ಸೆಂ.ಮೀ. ತರಗೆಲೆ ಹೊದಿಸಿ, ಕಾಂಡದ ಸುತ್ತ ಒಂದು ಅಂಗೈ ಜಾಗ ಖಾಲಿ ಬಿಡಿ. ತೇವದ ಹೊದಿಕೆ ಕಾಂಡಕ್ಕೆ ತಾಗಿದರೆ ಬುಡ ಕೊಳೆಯುತ್ತದೆ.

ಹಂತ 8: ಕಾಟ ಕೊಡುವವರು

ನೆರಳು ಮತ್ತು ತೇವ ಬಸವನಹುಳುಗಳಿಗೂ ಇಷ್ಟ. ರಾತ್ರಿ ಟಾರ್ಚ್ ಹಿಡಿದು ಆರಿಸುವುದೇ ಒಳ್ಳೆಯ ಉಪಾಯ. ಒಂದು ಹಳೆಯ ಹಲಗೆಯನ್ನು ಪಾತಿಯ ಪಕ್ಕ ಮಲಗಿಸಿ ಬಿಟ್ಟರೆ ಬೆಳಿಗ್ಗೆ ಅದರ ಕೆಳಗೆ ಗುಂಪಾಗಿ ಸಿಗುತ್ತವೆ. ಮಣ್ಣಿಗೆ ಉಪ್ಪು ಸುರಿಯಬೇಡಿ, ಗಿಡವೂ ಸಾಯುತ್ತದೆ. ಮದ್ದು ಬೇಕೇ ಬೇಕು ಅಂದರೆ ಐರನ್ ಫಾಸ್ಫೇಟ್ ಇರುವುದನ್ನು ಕೇಳಿ. ಮೆಟಾಲ್ಡಿಹೈಡ್ ಗುಳಿಗೆ ನಾಯಿಗಳಿಗೆ ಪ್ರಾಣಾಪಾಯ.

ನೀರನ್ನು ಬೆಳಿಗ್ಗೆ ಹೊತ್ತು, ಬುಡಕ್ಕೆ ಮಾತ್ರ ಹಾಕಿ. ಸಂಜೆ ಎಲೆ ನೆನೆದರೆ ರಾತ್ರಿಯಿಡೀ ಒದ್ದೆ ಇದ್ದು ಎಲೆಚುಕ್ಕೆ ರೋಗ ಹತ್ತುತ್ತದೆ. ಹಾಕುವ ಮೊದಲು ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ತೇವ ತಾಗಿದರೆ ಆ ದಿನ ನೀರು ಬೇಡ. ಗೊಬ್ಬರವೂ ಹಾಗೇ. ನೆರಳಿನಲ್ಲಿ ಗಿಡ ನಿಧಾನ ಬೆಳೆಯುತ್ತದೆ, ಯೂರಿಯಾದಂಥದ್ದು ಹಾಕಿ ಅವಸರ ಮಾಡಿದರೆ ಕಾಂಡ ಮೆತ್ತಗಾಗಿ ಹುಳು ಹತ್ತುತ್ತದೆ.

ಸೊಳ್ಳೆಗೆ ನಿಂತ ನೀರು ಬೇಕು, ಒದ್ದೆ ಮಣ್ಣಲ್ಲ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ವಾರಕ್ಕೊಮ್ಮೆ ಕುಂಡದ ತಟ್ಟೆ, ಬಕೆಟ್, ಕಲ್ಲಿನ ಗುಳಿ ನೋಡಿ ಖಾಲಿ ಮಾಡಿ.

ಪಾಚಿಯ ಜೊತೆ ಜಗಳ ಬೇಡ. ನಡೆಯುವ ದಾರಿಯಲ್ಲಿದ್ದರೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಕಲ್ಲಿನ ಸಂದಿನಲ್ಲಿ, ಮರದ ಬುಡದಲ್ಲಿ ಇದ್ದರೆ ಇರಲಿ. ಗಿಡಕ್ಕೆ ಅದರಿಂದ ತೊಂದರೆ ಇಲ್ಲ, ಹಳೆಯ ತೋಟದ ಕಳೆಯನ್ನೂ ಕೊಡುತ್ತದೆ.

ಮೊದಲ ವರ್ಷ, ಎರಡನೇ ವರ್ಷ

ಎಲ್ಲವನ್ನೂ ಒಟ್ಟಿಗೆ ಮಾಡಲು ಆಗದಿದ್ದರೆ ಮಳೆಗಾಲಕ್ಕೆ ಮೊದಲು ನೀರಿನ ಕೆಲಸ ಮುಗಿಸಿ, ಒಂದೇ ಒಂದು ಮಡಿ ಕಟ್ಟಿ. ಉಳಿದ ಜಾಗಕ್ಕೆ ದಪ್ಪಗೆ ತರಗೆಲೆ ಹಾಸಿ ಬಿಡಿ. ಅದರ ಕೆಳಗೆ ಮಣ್ಣು ತಾನೇ ಹದವಾಗುತ್ತಾ ಇರುತ್ತದೆ. ಮೊದಲ ವರ್ಷ ತೋಟ ಬೋಳಾಗಿ ಕಂಡರೆ ಗಾಬರಿ ಬೇಡ, ಸಂದು ತುಂಬಲೆಂದು ಒತ್ತಾಗಿ ನೆಡಲೂ ಬೇಡಿ. ಗಾಳಿ ಆಡದಿದ್ದರೆ ರೋಗ ಬರುತ್ತದೆ.

ಎರಡು ಮೂರು ವರ್ಷಕ್ಕೆ ಗಿಡಗಳು ಹಿಂಡು ಕಟ್ಟುತ್ತವೆ. ಆಗ ಹೊಸ ಗಿಡ ಕೊಳ್ಳುವ ಅಗತ್ಯವೇ ಇಲ್ಲ. ಮೋಡ ಕವಿದ ದಿನ ಹಿಂಡನ್ನು ಬೇರು ಸಮೇತ ಎತ್ತಿ, ಹರಿತವಾದ ಚಾಕುವಿನಿಂದ ಎರಡೋ ಮೂರೋ ಭಾಗ ಮಾಡಿ. ಪ್ರತಿ ಭಾಗಕ್ಕೂ ಕನಿಷ್ಠ ಎರಡು ಚಿಗುರು, ಸಾಕಷ್ಟು ಬೇರು ಇರಲಿ. ಅರ್ಧ ಎಲೆ ಕತ್ತರಿಸಿ, ಒಣಗಲು ಬಿಡದೆ ಕೂಡಲೇ ಅದೇ ಎತ್ತರಕ್ಕೆ ನೆಡಿ. ಪೀಸ್ ಲಿಲಿ, ಕ್ಯಾಲಥಿಯಾ, ಜರಿಗಿಡ ಮೂರನ್ನೂ ಹೀಗೇ ಹೆಚ್ಚಿಸಿಕೊಳ್ಳಬಹುದು. ಕೆಸುವಿಗೆ ಬುಡದಲ್ಲಿ ಎದ್ದ ಮರಿಗಳನ್ನು ಬಿಡಿಸಿದರೆ ಆಯಿತು. ನಿಮ್ಮ ಜಾಗ ತುಂಬಿದ ಮೇಲೆ ಮಿಕ್ಕಿದ್ದನ್ನು ಪಕ್ಕದ ಮನೆಯವರಿಗೆ ಕೊಡಿ. ಗೋಡೆಯ ಆಚೆ ಅವರದೂ ಇಂಥದ್ದೇ ನೆರಳಿನ ಜಾಗ ಇರುತ್ತದೆ.